ಬೊಬ್ಬೆಗೆ ಮೆಲ್ಲನೆ ಉತ್ತರ

ಅರವತ್ತರ ದಶಕದ ಮಾತು. ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿದ್ದೆ. ಮೂಡುಬಿದಿರೆಯ ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರ್ ಬೇಕೆಂದು ಗೊತ್ತಾಗಿ ಅರ್ಜಿ ಹಾಕಿದೆ. ಸಂದರ್ಶನಕ್ಕೆ ಬಂದ ಅಧಿಕಾರಿ ನನ್ನ ಅಂಕಪಟ್ಟಿಯನ್ನು ನೋಡಿದ ಹಾಗೆ ಮಾಡಿ ಬದಿಗಿಟ್ಟರು. ಆಮೇಲೆ ಬಾಯ್ತುಂಬ ಎಲೆಯಡಿಕೆ ಹಾಕಿಕೊಂಡು, ಗೋಡೆಯಾಚೆ ನಿಂತು, ತುಳುವಿನಲ್ಲಿ ಏನೋ ಗೊಣಗಿದರು. ಕೇಳಿದ್ದನ್ನು ಹಾಗೆಯೇ ತಿರುಗಿ ಹೇಳಬೇಕು. ನನ್ನ ಅಜ್ಜ ಎಲೆಯಡಿಕೆ ಜಗಿಯುತ್ತಲೇ ಊರಿನ ಸುದ್ದಿಯೆಲ್ಲ ಹೇಳುವವರು. ನನಗೆ ಒಂದಕ್ಷರ ತಪ್ಪಲಿಲ್ಲ. ಕೆಲಸ ಸಿಕ್ಕಿತು.

ಕಲಿಸಿದವರು ಅಲ್ಲಿನ ಹಿರಿಯ ಆಪರೇಟರ್, ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಕರೆ ಜೋಡಿಸಲು ಬೋರ್ಡಿನಲ್ಲಿ ಯಾವ ಪಿನ್ನು ಯಾವ ತೂತಿಗೆ ಎನ್ನುವ ಪಾಠ ಬೇಗ ಮುಗಿಯಿತು. ಉಳಿದ ಸಮಯವೆಲ್ಲ ಅಕ್ಕ ಗಾಬರಿಯಲ್ಲಿ ಫೋನ್ ಮಾಡುವವರ ಹಾಗೆ ಪಕ್ಕದ ಕೋಣೆಯಿಂದ "ಅಯ್ಯೋ, ಬೆಂಕಿ!" ಎಂದು ಬೊಬ್ಬೆ ಹಾಕುವುದು, ನಾನು ಸಮಾಧಾನದಿಂದ ಉತ್ತರಿಸುವುದು. ಒಮ್ಮೆ ಎದುರಿನ ಅಂಗಡಿಯವರು ನೀರಿನ ಕೊಡಪಾನ ಹಿಡಿದೇ ಓಡಿಬಂದರು.

"ಎಲ್ಲಿ ಅಂತ ಮೊದಲು ಕೇಳು, ಏನಾಯ್ತು ಅಂತ ಮತ್ತೆ. ಅವರು ಎಷ್ಟು ಕೂಗ್ತಾರೋ ನೀನು ಅಷ್ಟು ಮೆಲ್ಲ ಮಾತಾಡು. ಹತ್ತಿರ ಯಾರಿದ್ದಾರೆ ನೋಡಿ ಅವರನ್ನು ಕರೆ" ಎನ್ನುತ್ತಿದ್ದರು ಅಕ್ಕ.

ಒಂದು ಮಧ್ಯಾಹ್ನ ಅಕ್ಕ ಊಟಕ್ಕೆ ಹೋಗಿದ್ದಾಗ ಫೋನು ಬಂತು. "ಗುವೆಲ್‌ಗ್ ಬೂರಿಯೆರ್! ಬಾವಿಗೆ ಬಿದ್ರು!" ಎಂದು ಒಬ್ಬ ಗಂಡಸು ಎರಡೂ ಭಾಷೆಯಲ್ಲಿ ಕಿರುಚುತ್ತಿದ್ದ.

"ಎಲ್ಲಿ?"

"ಇಲ್ಲೇ!"

"ಇಲ್ಲೇ ಅಂದ್ರೆ ಯಾವ ಊರು ಅಣ್ಣ?"

"ತೋಡಾರು. ನಮ್ಮ ಅಜ್ಜಿ! ಪೈಪು ಹಿಡಿದು ನೇತಾಡ್ತಿದ್ದಾರೆ ಮಾರಾಯ್ತಿ!"

ಅವರ ಮನೆ ಅಕ್ಕಿ ಮಿಲ್ಲಿನ ಹಿಂದೆಯೇ, ಅವನು ಮಾತಾಡುತ್ತಿದ್ದದ್ದು ರಸ್ತೆಬದಿಯ ಅಂಗಡಿಯಿಂದ ಎಂದು ಕೇಳಿ ತಿಳಿದುಕೊಂಡೆ. ಮಂಗಳೂರಿನಿಂದ ಅಗ್ನಿಶಾಮಕದವರು ಬರುವಷ್ಟು ಹೊತ್ತು ಅಜ್ಜಿಯ ಕೈ ತಾಳಬೇಕಲ್ಲ! ಮಿಲ್ಲಿಗೂ ಫೋನ್ ಇತ್ತು. ಅಲ್ಲಿಗೆ ಕರೆ ಹಾಕಿದೆ. ಮೂಟೆ ಹೊರುವವರು ದಪ್ಪ ಹಗ್ಗ ಹೊತ್ತು ಓಡಿದರು. ಮೂಡುಬಿದಿರೆಯ ಡಾಕ್ಟರಿಗೂ ಹೇಳಿದೆ. ಸ್ವಲ್ಪ ಹೊತ್ತಿನಲ್ಲಿ ಅಜ್ಜಿ ಮೇಲೆ ಬಂದ ಸುದ್ದಿ ಮಿಲ್ಲಿನಿಂದ ಬಂತು. ಊಟ ಮುಗಿಸಿ ಬಂದ ಅಕ್ಕ ಎಲ್ಲವನ್ನೂ ಕೇಳಿ, "ಇನ್ನು ನಾನು ಬೊಬ್ಬೆ ಹಾಕುವ ಅಗತ್ಯ ಇಲ್ಲ" ಎಂದು ಬೆನ್ನು ತಟ್ಟಿದರು.

ಕೆಲವು ದಿನದ ನಂತರ ಆ ಮನುಷ್ಯ ಎಕ್ಸ್‌ಚೇಂಜಿಗೆ ಬಂದ. ನನ್ನನ್ನು ನೋಡಿ, "ನೀವಾ? ಯಾರೋ ದೊಡ್ಡ ಪ್ರಾಯದವರು ಅಂತ ಎಣಿಸಿದ್ದೆ" ಎಂದ.

"ಅಜ್ಜಿ ಹೇಗಿದ್ದಾರೆ?"

"ಮೊಣಕೈಗೆ ಪೆಟ್ಟಾಗಿದೆ, ಬಾಯಿ ಜೋರುಂಟು. ಅವರಿಗೂ ಒಮ್ಮೆ ಫೋನಿನಲ್ಲಿ ಮಾತಾಡ್ಬೇಕಂತೆ."

ಮರುದಿನ ಅದೇ ಅಂಗಡಿಯಿಂದ ಅಜ್ಜಿ ಮಾತಾಡಿದರು. ಮೂಡುಬಿದಿರೆಯವರೆಗೆ ಕೇಳಿಸಬೇಕೆಂದು ಗಂಟಲು ಹರಿಯುವಂತೆ ಕೂಗುತ್ತಿದ್ದರು. ನಾನು ಮೆಲ್ಲನೆ, "ಊಟ ಆಯ್ತಾ ಅಜ್ಜಿ?" ಎಂದೆ.