ಅಂಟಿಸಿಟ್ಟ ಶಸ್ತ್ರವೈದ್ಯರು

ನೆರೆಮನೆಯವರು ‘ಐದೇ ನಿಮಿಷ ಬಂದು ಹೋಗ್ತೀರಾ’ ಎಂದು ಕರೆದರೆ ನನಗೆ ಮಂಡಿ ನೋಯಲು ಶುರುವಾಗುತ್ತದೆ. ಅವರು ತೋರಿಸುವುದು ಸಾಮಾನ್ಯವಾಗಿ ಮಂಡಿಯನ್ನೇ. ಮೂಳೆ ಡಾಕ್ಟರ ಪಾಡು ಇದು. ಊರಿನಲ್ಲಿ ಮದುವೆ ಊಟಕ್ಕೆ ಕೂತರೂ ಪಕ್ಕದ ಎಲೆಯವರು ಮೆಲ್ಲಗೆ ಪಂಚೆ ಮೇಲೆತ್ತುತ್ತಾರೆ. ಐರ್ಲೆಂಡಿನಲ್ಲಿ ಪಂಚೆ ಇಲ್ಲ ಎಂಬುದಷ್ಟೇ ವ್ಯತ್ಯಾಸ.

ಇಲ್ಲಿನ ಕಾರ್ಕ್ ನಗರದ ಡಗ್ಲಸ್ ಬಡಾವಣೆಯಲ್ಲಿ ನಾವು ಮನೆ ಮಾಡಿ ಹನ್ನೊಂದು ವರ್ಷ. ಅಷ್ಟೂ ವರ್ಷ ನಾನು ಸರ್ಕಾರಿ ಆಸ್ಪತ್ರೆಯೊಂದರಲ್ಲಿ ರಿಜಿಸ್ಟ್ರಾರ್. ಊರಿನ ನೆಂಟರು ಈ ಪದ ಕೇಳಿ, ನಾನು ಜಮೀನು ನೋಂದಣಿ ಮಾಡುತ್ತೇನೆಂದು ತಿಳಿದಿದ್ದಾರೆ. ದೊಡ್ಡ ಡಾಕ್ಟರಿಗೂ ಚಿಕ್ಕ ಡಾಕ್ಟರಿಗೂ ನಡುವೆ ಸಿಕ್ಕಿಕೊಂಡವನು ಎಂದು ಬಿಡಿಸಿ ಹೇಳುವ ಚೈತನ್ಯ ನನಗಿಲ್ಲ. ಆ ಭಾನುವಾರವಂತೂ, ಆರು ದಿನ ಮುರಿದ ಮೂಳೆಗಳನ್ನೇ ಜೋಡಿಸಿ, ನಾನೇ ಕೀಲು ಕಳಚಿದವನಂತೆ ಸೋಫಾದ ಮೇಲೆ ಬಿದ್ದಿದ್ದೆ.

“ನೋರಾ ಅವರು ಫೋನ್ ಮಾಡಿದ್ರು. ಒಂದ್ಸಲ ಹೋಗ್ಬನ್ರೀ, ಪಾಪ” ಎಂದಳು ಹೆಂಡತಿ ಸುಮ.

“ಮಂಡಿ ಇರ್ಬೇಕು.”

“ಮಂಡಿ ‘ಗ್ರ್ಯಾಂಡ್’ ಆಗೈತಂತೆ, ಏನೂ ನೋವಿಲ್ವಂತೆ. ಏನೋ ಆಲ್ಬಮ್ ತೋರಿಸ್ಬೇಕಂತೆ.”

ಮದುವೆಯ ಆಲ್ಬಮ್ ಎಂದುಕೊಂಡು ನಾನು ಇನ್ನಷ್ಟು ದಣಿದೆ.

ನೋರಾ ಪಕ್ಕದ ಮನೆಯ ಎಂಬತ್ತೆರಡರ ಮುದುಕಿ. ನಿವೃತ್ತ ಶಾಲಾ ಶಿಕ್ಷಕಿ. ಚಹಾ ಕೊಟ್ಟು, ನನ್ನ ತೊಡೆಯ ಮೇಲೆ ಹಸಿರು ಬಟ್ಟೆಯ ರಟ್ಟಿನ ದಪ್ಪ ಪುಸ್ತಕವೊಂದನ್ನು ಇಟ್ಟರು. ಅದನ್ನು ಅವರ ಚಿಕ್ಕಮ್ಮ ಬದುಕಿಡೀ ಕೂತು ಮಾಡಿದ್ದಂತೆ. ಹದಿನೆಂಟನೆಯ ಶತಮಾನದ ಅವರ ಪೂರ್ವಜರೆಲ್ಲ ಶಸ್ತ್ರವೈದ್ಯರು, ಅಂಗರಚನೆಯ ಪಂಡಿತರು. ತಂದೆ, ಇಬ್ಬರು ಮಕ್ಕಳು, ಒಬ್ಬ ಮೊಮ್ಮಗ. ಅವರ ಕುರಿತ ಪತ್ರಿಕೆಯ ತುಣುಕುಗಳು, ಅಚ್ಚುಚಿತ್ರಗಳು, ಮೂಳೆ ಕೊಯ್ಯುವ ಗರಗಸದ ಜಾಹೀರಾತು, ಕಾಗದಗಳು, ಎಲ್ಲವನ್ನೂ ಚಿಕ್ಕಮ್ಮ ಗೋಂದು ಹಚ್ಚಿ ಅಂಟಿಸಿಟ್ಟಿದ್ದರು.

ನಾನು ಪುಟ ತಿರುವಿದೆ. ಅರಿವಳಿಕೆ ಇಲ್ಲದ ಕಾಲ. ರೋಗಿಯನ್ನು ನಾಲ್ಕು ಜನ ಹಿಡಿದುಕೊಳ್ಳುತ್ತಿದ್ದರು. ಯಾರ ಕೈ ಚುರುಕೋ ಅವನೇ ದೊಡ್ಡ ವೈದ್ಯ. ನಾನು ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿ, ತಪ್ಪಿ, ಮತ್ತೆ ಹಾಕುವಷ್ಟರಲ್ಲಿ ಆ ತಂದೆ ಒಂದು ಕಾಲು ಕತ್ತರಿಸಿ ಮುಗಿಸುತ್ತಿದ್ದನಂತೆ. ಚಿತ್ರಗಳಲ್ಲಿ ನಾಲ್ವರೂ ಬಿಳಿ ಕೂದಲಿನ ಟೋಪನ್ ಹಾಕಿಕೊಂಡು ಗಂಭೀರವಾಗಿ ಕೂತಿದ್ದಾರೆ. ಒಬ್ಬನ ಮುಖದಲ್ಲೂ ದಣಿವಿಲ್ಲ. ಅದು ಚಿತ್ರಕಾರನ ದಾಕ್ಷಿಣ್ಯವಿರಬೇಕು ಎಂದು ಸಮಾಧಾನ ಮಾಡಿಕೊಂಡೆ.

ಕಿರಿಯ ಮಗ ಬರೆದ ಒಂದು ಕೈಯ ಚಿತ್ರದ ಬಳಿ ನನ್ನ ಬೆರಳು ನಿಂತಿತು. ಚರ್ಮ ಬಿಡಿಸಿದ ಹೆಂಗಸಿನ ಕೈ. ಒಂದೊಂದು ಸ್ನಾಯು, ಒಂದೊಂದು ನರ ತನ್ನ ಜಾಗದಲ್ಲಿತ್ತು. ನಾನು ಓದಿದ ಪಠ್ಯಪುಸ್ತಕಗಳಲ್ಲೂ ಅಷ್ಟು ಶ್ರದ್ಧೆಯ ಚಿತ್ರ ಕಂಡಿರಲಿಲ್ಲ.

“ಎದುರಿನ ಪುಟ ಓದಿ” ಎಂದರು ನೋರಾ.

ಅದು ತಂದೆ ಮಗನಿಗೆ ಬರೆದ ಚೀಟಿ. ಚಳಿಗೆ ನೆಲ ಗಟ್ಟಿಯಾಗಿದೆ. ಆದರೂ ಮಂಗಳವಾರ ಸ್ಮಶಾನದ ಗೋಡೆಯ ಪಕ್ಕ ಹೂತ ಹೆಂಗಸು ನಮಗೆ ಸಿಕ್ಕಿದ್ದಾಳೆ. ಕೈ ಚೆನ್ನಾಗಿದೆ, ಬೇಗ ಬಂದು ಚಿತ್ರ ಬರೆದುಕೋ. ಇಷ್ಟೇ.

“ಹೂತ ಹೆಣ ಕದ್ದಿದ್ದಾರೆ,” ನೋರಾ ಹೇಳಿದರು. “ಚಿಕ್ಕಂದಿನಿಂದ ಈ ಆಲ್ಬಮ್ ನೋಡ್ತಿದ್ದೀನಿ. ಆ ಹಳೇ ಕೈಬರಹ ಓದೋಕೆ ಆಗಿದ್ದು ಈ ಚಳಿಗಾಲದಲ್ಲೇ. ನಾಳೆ ಲೈಬ್ರರಿಯೋರು ಬಂದು ಇದನ್ನ ತಗೊಂಡು ಹೋಗ್ತಾರೆ. ಈ ಹಾಳೆ ಹರಿದುಬಿಡ್ಲಾ, ಡಾಕ್ಟರ್? ಎಷ್ಟಾದ್ರೂ ನಮ್ಮ ಮನೆಯೋರು.”

ಹರಿದುಬಿಡಿ ಎಂದು ಹೇಳಿ ಎದ್ದು ಬರುವುದು ಸುಲಭವಿತ್ತು. ಸೋಫಾ ಕರೆಯುತ್ತಿತ್ತು. ಆದರೆ ಮೂವತ್ತು ವರ್ಷ ಯಾರಿಗೂ ಹೇಳದ ಸಂಗತಿಯೊಂದು ಬಾಯಿಗೆ ಬಂದುಬಿಟ್ಟಿತು.

ಮೆಡಿಕಲ್ ಓದಲು ಸೇರಿದ ಮೊದಲ ವರ್ಷ, ನಮ್ಮ ಮೇಜಿಗೆ ಬಂದದ್ದು ಒಬ್ಬ ವಯಸ್ಸಾದ ಹೆಂಗಸಿನ ದೇಹ. ವಾರಸುದಾರರಿಲ್ಲದ್ದು ಎಂದು ಹೇಳಿದ್ದರು. ಮುಂಗೈಯ ಚರ್ಮ ಬಿಡಿಸುವ ಸರದಿ ನನ್ನದು. ಅಲ್ಲಿ ಹಳೆಯ ಹಸಿರು ಹಚ್ಚೆಯಿತ್ತು. ಒರೆಸಿ ನೋಡಿದೆ: ‘ಸಿದ್ದ’ ಎಂದು ಕನ್ನಡದಲ್ಲಿ ಬರೆದಿತ್ತು. ಗಂಡನೋ, ತಮ್ಮನೋ, ಮಗನೋ. ಅಂತೂ ಯಾರೋ ಒಬ್ಬ ಇದ್ದ. ಮೇಷ್ಟ್ರಿಗೆ ಹೇಳಬೇಕೆನಿಸಿತು. ಹೇಳಿದರೆ ಗೆಳೆಯರು ನಕ್ಕಾರು, ಹೊಸಬ ಹೆದರಿದ ಎಂದಾರು ಎಂದು ಸುಮ್ಮನಾದೆ. ಆ ಅಕ್ಷರಗಳ ಮೇಲೆಯೇ ಚಾಕು ಎಳೆದು, ಚರ್ಮವನ್ನು ಬಕೆಟ್ಟಿಗೆ ಹಾಕಿದೆ.

“ಇವರು ಗೋಡೆ ಪಕ್ಕದಿಂದ ಕದ್ದರು, ನನಗೆ ಮೇಜಿನ ಮೇಲೇ ಸಿಕ್ತು,” ಎಂದೆ. “ನನ್ನನ್ನ ಕೇಳೋದಾದ್ರೆ ನಾನೂ ಇವರ ಕಡೆಯೋನೇ.”

ನೋರಾ ನನ್ನ ಚಹಾ ಕಪ್ಪನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, ಪಾಠ ಒಪ್ಪಿಸಲು ಹೇಳುವವರಂತೆ ಕೇಳಿದರು: “ಆ ಕೈಯನ್ನ ಸರಿಯಾಗಿ ಕಲಿತ್ರಾ?”

“ಕಲಿತೆ.”

“ಆಮೇಲೆ ಅದು ಉಪಯೋಗಕ್ಕೆ ಬಂತಾ?”

ಮೊನ್ನೆ ಗುರುವಾರ ಯಂತ್ರಕ್ಕೆ ಸಿಕ್ಕ ಕೈಯೊಂದನ್ನು ನಾವು ನಾಲ್ಕು ಗಂಟೆ ಕೂತು ಉಳಿಸಿದ್ದೆವು. ನರ ಎಲ್ಲಿರುತ್ತದೆಂದು ಹುಡುಕುವಾಗ ನನ್ನ ಬೆರಳು ತಾನಾಗಿಯೇ ಅಲ್ಲಿಗೆ ಹೋಗಿತ್ತು. ಅದನ್ನು ಹೇಳಿದೆ.

“ಹಾಗಿದ್ರೆ ಹರಿಯೋದು ಬೇಡ,” ಎಂದರು ನೋರಾ. “ಅವಳ ಬಗ್ಗೆ ಇರೋದು ಇದೊಂದೇ ಹಾಳೆ. ಇದೂ ಹೋದ್ರೆ ಅವಳು ಇರ್ಲೇ ಇಲ್ಲ ಅಂದಂಗಾಗುತ್ತೆ. ನನ್ನ ಕೈ ನಡುಗುತ್ತೆ, ನೀವೇ ಎರಡು ಸಾಲು ಬರೀರಿ.”

ಅವರು ಹೇಳಿದರು, ನಾನು ಆ ಚಿತ್ರದ ಕೆಳಗೆ ಅಂಟಿಸಲು ಬಿಳಿ ಚೀಟಿಯ ಮೇಲೆ ಬರೆದೆ: ‘ಈ ಕೈ ಮಂಗಳವಾರ ಗೋಡೆಯ ಪಕ್ಕ ಹೂಳಲ್ಪಟ್ಟ ಹೆಂಗಸೊಬ್ಬಳದು. ಅವಳನ್ನು ಯಾರೂ ಕೇಳಲಿಲ್ಲ. ಹೆಸರು ತಿಳಿಯದು.’

ನೋರಾ ಕನ್ನಡಕ ಸರಿಮಾಡಿಕೊಂಡು ನೋಡಿದರು. “ಇದು ಏನು ಭಾಷೆ?”

“ಇಂಗ್ಲಿಷು.”

“ಔಷಧಿ ಅಂಗಡಿಯೋರಿಗೆ ಬರೆದಂಗಿದೆ. ಜನ ಓದ್ಬೇಕು. ಇನ್ನೊಂದ್ಸಲ ಬರೀರಿ.”

ಎರಡನೆಯದನ್ನೂ ತಿರಸ್ಕರಿಸಿದರು. ಮೂರನೆಯ ಸಲ, ಐವತ್ತರ ಹೊಸ್ತಿಲಲ್ಲಿರುವ ನಾನು, ನಾಲಗೆ ತುದಿ ಹಲ್ಲಲ್ಲಿ ಕಚ್ಚಿಕೊಂಡು, ಗೆರೆ ಎಳೆದು ಅದರ ಮೇಲೆ ಒಂದೊಂದೇ ಅಕ್ಷರವನ್ನು ಗುಂಡಗೆ ಬಿಡಿಸಿದೆ. ಅಷ್ಟು ಹೊತ್ತೂ ಅವರು ನನ್ನ ಪಕ್ಕದಲ್ಲಿ ನಿಂತೇ ಇದ್ದರು, ಒಂದು ಅಕ್ಷರವೂ ತಪ್ಪಿಹೋಗದಂತೆ.