ನೀರು ಮೂಸುವ ನಂಜುಂಡಪ್ಪ

ಬನಶಂಕರಿ ಎರಡನೇ ಹಂತದಲ್ಲಿ ಅಕ್ವೇರಿಯಂ ಅಂಗಡಿ ಇಟ್ಟಿದ್ದ ನಂಜುಂಡಪ್ಪ, ಯಾರಾದರೂ ಕಾಯಿಲೆ ಮೀನು ತಂದರೆ ಮೊದಲು ಮೀನನ್ನು ನೋಡುತ್ತಿರಲಿಲ್ಲ. ನೀರು ಮೂಸುತ್ತಿದ್ದರು. ಪ್ಲಾಸ್ಟಿಕ್ ಕವರಿನ ಗಂಟು ಬಿಚ್ಚಿ, ಮೂಗು ಒಳಗಿಟ್ಟು, ಕಣ್ಣು ಮುಚ್ಚಿ ಒಂದು ಉಸಿರು. "ಊಟ ಜಾಸ್ತಿ ಹಾಕಿದೀರ. ತಿನ್ನದೆ ಉಳಿದಿದ್ದು ಕೆಳಗೆ ಕೊಳೀತಿದೆ," ಅನ್ನುವರು. ಅವರ ಮೂಗು ತಪ್ಪಿದ್ದನ್ನು ನಾನು ಕಂಡಿಲ್ಲ.

ಸತ್ತ ಮೀನು ತಂದವರಿಗೆ ಮಾತ್ರ ಒಂದೇ ಪ್ರಶ್ನೆ: "ಯಾರು ಕೊಂದಿದ್ದು?" "ಸತ್ತೋಯ್ತು ಸಾರ್" ಎಂದರೆ ಕವರನ್ನು ವಾಪಸ್ ಕೈಗಿಡುವರು. "ನಾನೇ ಕೊಂದೆ" ಎಂದು ಬಾಯಿಬಿಟ್ಟು ಹೇಳುವ ತನಕ ಇನ್ನೊಂದು ಮೀನು ಕೊಡುತ್ತಿರಲಿಲ್ಲ. ರಿಟೈರಾದ ಬ್ಯಾಂಕ್ ಮ್ಯಾನೇಜರೊಬ್ಬರು ಎಲ್ಲರೆದುರು ಹಾಗೆ ಒಪ್ಪಿಕೊಂಡಿದ್ದನ್ನು ನೋಡಿ ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದೆ.

ನನ್ನ ಸರದಿ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬಂತು. ಬೆಳಿಗ್ಗೆ ಮನೆಯೆಲ್ಲ ತೊಳೆದವಳು ಮೀನಿನ ತೊಟ್ಟಿಯನ್ನೂ ಫಳಫಳ ತಿಕ್ಕಿದೆ. ಹಬ್ಬಕ್ಕೆ ಅವಕ್ಕೂ ಒಳ್ಳೆಯದಿರಲಿ, ಬೋರ್‌ವೆಲ್ ನೀರು ಯಾಕೆ ಎಂದು, ಕಾವೇರಿ ನೀರನ್ನು ನಲ್ಲಿಯಿಂದಲೇ ಹಿಡಿದು ತುಂಬಿದೆ. ಮಧ್ಯಾಹ್ನದೊಳಗೆ ಮಗಳ ಎರಡೂ ಗೋಲ್ಡ್‌ಫಿಶ್ ಮೇಲೆ ಬಂದು ಬಾಯಿ ಬಿಟ್ಟು ಸತ್ತವು. ಬೇರೆ ಮೀನು ಬೇಕೆಂದು ಅವಳು ಅತ್ತಿದ್ದಕ್ಕೆ, ಸತ್ತವನ್ನು ಅದೇ ನೀರಿನ ಸಮೇತ ಕವರಿಗೆ ಹಾಕಿಕೊಂಡು ಸಂಜೆ ಅಂಗಡಿಗೆ ಹೋದೆವು.

ನಂಜುಂಡಪ್ಪ ಮೂಸಿದರು. ಕಿವಿರು ಎತ್ತಿ ನೋಡಿದರು. "ಕ್ಲೋರಿನ್. ಸುಟ್ಟೋಗಿದೆ. ಕಾವೇರಿ ನೀರು ಒಂದು ದಿನ ಬಕೆಟ್ಟಲ್ಲಿಟ್ಟು ಆಮೇಲೆ ಹಾಕಿ ಅಂತ ಹೇಳಿರ್ಲಿಲ್ವಾ? ಯಾರು ಕೊಂದಿದ್ದು?"

ನನ್ನ ಹಿಂದೆ ನಾಲ್ಕೈದು ಜನ ನಿಂತಿದ್ದರು. ಅವರಲ್ಲೊಬ್ಬರು ನಾನು ಪಾಠ ಮಾಡುವ ಶಾಲೆಯ ಹೆಡ್‌ಮಿಸ್ಟ್ರೆಸ್. ನಾನು ಮಗಳ ತಲೆಯ ಮೇಲೆ ಕೈಯಿಟ್ಟೆ. "ಮಗು ಸಾರ್, ಗೊತ್ತಾಗ್ದೆ ನೀರು ಹಾಕ್ಬಿಟ್ಲು."

ಅವಳಿಗಾಗ ಐದು ವರ್ಷ. ನಾನು ತುಂಬುವಾಗ ಪಕ್ಕದಲ್ಲಿ ನಿಂತು ಆಟಕ್ಕೆ ಒಂದು ಚೊಂಬು ಸುರಿದಿದ್ದಳು, ಅಷ್ಟೆ.

ನಂಜುಂಡಪ್ಪ ಅವಳನ್ನು ನೋಡಿದರು, ಆಮೇಲೆ ನನ್ನನ್ನು. "ಹೇಳು ಪುಟ್ಟಿ."

"ನಾನೇ ಕೊಂದೆ."

"ಜೋರಾಗಿ."

ಅವಳು ಜೋರಾಗಿ ಹೇಳಿದಳು. ಕೊಟ್ಟ ಹೊಸ ಮೀನನ್ನು ಮುಟ್ಟಲಿಲ್ಲ. ನಮ್ಮ ಮನೆಯಲ್ಲಿ ಮತ್ತೆ ಮೀನು ಸಾಕಲಿಲ್ಲ. ಆ ಮನುಷ್ಯನಿಗೆ ಕರುಳೇ ಇಲ್ಲವೆಂದು ನಾನು ವರ್ಷಗಟ್ಟಲೆ ಶಾಪ ಹಾಕಿದೆ.

ಕಳೆದ ವರ್ಷ ಅಂಗಡಿ ಖಾಲಿ ಮಾಡುತ್ತಿದ್ದಾಗ ಎದುರಾದರು. ತೀರಾ ಸೊರಗಿದ್ದರು. ತಕ್ಷಣ ಗುರುತು ಹಿಡಿದರು.

"ಮೇಡಂ, ಐದು ವರ್ಷದ ಮಗು ಅಷ್ಟು ದೊಡ್ಡ ಟ್ಯಾಂಕ್ ತುಂಬುತ್ತಾ?"

ನಾನು ಕೈಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದೆ.

"ನೀವು ತಡೀತೀರ ಅಂತ ಎರಡನೇ ಸಲಾನೂ ಹೇಳಿಸ್ದೆ," ಎಂದು ಖಾಲಿ ತೊಟ್ಟಿ ಎತ್ತಿಕೊಂಡು ಆಟೋ ಕಡೆ ನಡೆದರು.

ಅವರು ಹೋದ ತಿಂಗಳು ತೀರಿಕೊಂಡರು. ಊಟ ಬಡಿಸುವಾಗ ಮಗಳಿಗೆ ಹೇಳಿದೆ. ಅವಳೀಗ ಕಾಲೇಜಿನಲ್ಲಿದ್ದಾಳೆ.

"ಪಾಪ," ಎಂದಳು. "ನಾನು ಕೊಂದ ಮೀನಿಗೆ ಎಷ್ಟು ಬೇಜಾರು ಮಾಡ್ಕೊಂಡಿದ್ರು, ಅಲ್ವಾಮ್ಮ?"

"ಹೂಂ," ಎಂದು ಸಾರು ಬಡಿಸಿದೆ.