ಬೀರು ಸರಿಸಿದ ಟೈಲರಮ್ಮ

ಬೀದಿಯವರಿಗೆಲ್ಲ ಅವಳು ಟೈಲರಮ್ಮ. ಗಂಡ ತೀರಿಕೊಂಡ ಮೇಲೆ ಪೇಟೆಯಲ್ಲಿ ಅಂಗಡಿಯೂ ಅದರ ಮಹಡಿಯಲ್ಲಿ ಇರಲು ಎರಡು ಕೋಣೆಯೂ ಒಟ್ಟಿಗೇ ಸಿಕ್ಕಿದ್ದರಿಂದ ಇದ್ದ ಮನೆಯನ್ನು ಮಾರಲು ಹೊರಟಳು.

ಮನೆಗೆ ಒಂದೇ ರೋಗ. ಮಳೆ ಹಿಡಿದರೆ ಹಿಂದಿನ ಕೋಣೆಯ ಗೋಡೆಯ ಬುಡದಿಂದ ನೀರು ಒಸರುತ್ತಿತ್ತು. ಅವಳೂ ಗಂಡನೂ ಅದನ್ನು ಕೊಂಡದ್ದು ಬೇಸಿಗೆಯಲ್ಲಿ. ಮಾರಿದವನು ಆ ಗೋಡೆಗೆ ಬೀರು ಒರಗಿಸಿ ತುಟಿಪಿಟಕ್ಕೆನ್ನದೆ ಹಣ ಎಣಿಸಿಕೊಂಡು ಹೋಗಿದ್ದ. ಮೊದಲ ಮಳೆಗೇ ಹೊಲಿದಿಟ್ಟ ಶಾಲೆಯ ಸಮವಸ್ತ್ರಗಳೆಲ್ಲ ಬೂಸ್ಟು ಹಿಡಿದವು. ಗಂಡಹೆಂಡಿರು ಕೈಯಿಂದ ದುಡ್ಡು ಹಾಕಿ ಬಟ್ಟೆ ತಂದು ಅಷ್ಟನ್ನೂ ಮತ್ತೆ ಹೊಲಿದುಕೊಟ್ಟಿದ್ದರು.

ಈಗ ಅವಳ ಅಣ್ಣ ಬ್ರೋಕರನ್ನು ಕರೆತಂದ. ಗೋಡೆಗೆ ಹೊಸ ಬಣ್ಣ ಬಳಿಸಿ, ಬೀರು ಒರಗಿಸಿ, "ಕೇಳಿದ್ರೆ ನಾನು ಮಾತಾಡ್ತೀನಿ. ನೀನು ಬಾಯಿ ಹೊಲ್ಕೊಂಡಿರು," ಎಂದ.

ನೋಡಲು ಬಂದದ್ದು ಎಳೆಯ ದಂಪತಿ. ಹೆಂಡತಿಯ ಕಂಕುಳಲ್ಲಿ ಮಗು.

"ಈ ಕೋಣೆ ಮಗುಗೆ ಚೆನ್ನಾಗಿರುತ್ತೆ ಅಲ್ವಾ?" ಎಂದಳು ಆಕೆ.

"ಬಂಗಾರದಂಥ ಕೋಣೆ!" ಎಂದ ಬ್ರೋಕರು.

ಟೈಲರಮ್ಮ ಸೆರಗು ಸಿಕ್ಕಿಸಿ, ಹೆಗಲು ಕೊಟ್ಟು ಬೀರನ್ನು ದಬ್ಬಿದಳು. "ಇಲ್ಲಿ ಮಗು ಮಲಗಿಸ್ಬೇಡಮ್ಮ. ಮಳೆಗಾಲದಲ್ಲಿ ನೀರು ಬರುತ್ತೆ. ಈ ಬಣ್ಣ ಮೊನ್ನೆ ಬಳಿದದ್ದು."

ಅವರು ಹೊರಟುಹೋದರು. ಬ್ರೋಕರೂ ಕೈಮುಗಿದು ಜಾಗ ಖಾಲಿ ಮಾಡಿದ.

"ತಲೆ ಕೆಟ್ಟಿದ್ಯಾ ನಿಂಗೆ?" ಅಣ್ಣ ಹಾರಾಡಿದ. "ನಿಮಗೂ ಹೀಗೇ ತಾನೇ ಮಾರಿದ್ದು?"

"ಅದಕ್ಕೇ ಅಣ್ಣ. ಅವನಿಗೆ ನಾನು ಹಾಕಿದ ಶಾಪ ನಂಗಿನ್ನೂ ಬಾಯಿಪಾಠ. ಅದನ್ನ ಇನ್ನೊಬ್ಬಳ ಬಾಯಲ್ಲಿ ಕೇಳೋಕೆ ನಾನು ತಯಾರಿಲ್ಲ."

ಮರುದಿನ ಗೇಟಿಗೆ ಹಲಗೆ ತೂಗುಹಾಕಿದಳು: 'ಮನೆ ಮಾರಾಟಕ್ಕಿದೆ. ಹಿಂದಿನ ಕೋಣೆಯಲ್ಲಿ ನೀರು ಬರುತ್ತದೆ.' ಪಕ್ಕದ ಮನೆಯಾತ ಓಡಿಬಂದ. "ಏನಮ್ಮ ಇದು? ನಮ್ಮನೆ ಬೆಲೆನೂ ಇಳಿಯುತ್ತಲ್ಲ!"

"ಓಹೋ, ನಿಮ್ಮನೇಲೂ ಬರುತ್ತೆ ಅನ್ನಿ!"

ಆತ ಬಂದ ದಾರಿ ಹಿಡಿದ. ಯಾರೋ ಹಲಗೆ ಕಿತ್ತೆಸೆದರು. ಅವಳು ಇನ್ನೂ ದಪ್ಪಕ್ಷರದಲ್ಲಿ ಬರೆದು ನೇತುಹಾಕಿದಳು. ತಿಂಗಳುಗಟ್ಟಲೆ ಯಾರೂ ಬರಲಿಲ್ಲ. ಆದರೂ ಅವಳು ಹಲಗೆ ಇಳಿಸಲಿಲ್ಲ.

ಧೋ ಎಂದು ಮಳೆ ಸುರಿಯುತ್ತಿದ್ದ ದಿನ ಲಾರಿ ಡ್ರೈವರೊಬ್ಬ ತಾಯಿಯೊಂದಿಗೆ ಬಂದ. ಹಲಗೆ ಓದಿಯೇ, ಮಳೆಗೆ ಕಾದು ಬಂದಿದ್ದನಂತೆ. ನೆಲದ ಮೇಲೆ ಹರಡುತ್ತಿದ್ದ ನೀರನ್ನು ಕುಕ್ಕರಗಾಲಲ್ಲಿ ಕೂತು ನೋಡಿದ.

"ಇನ್ನೆಲ್ಲಾದ್ರೂ ಬರುತ್ತಾ?"

"ಬಂದಿದ್ರೆ ಅದನ್ನೂ ಬರೀತಿದ್ದೆ."

ತಾಯಿ ನಕ್ಕುಬಿಟ್ಟಳು. ನೆಲ ಅಗೆಸಿ ರಿಪೇರಿ ಮಾಡಿಸುವಷ್ಟನ್ನು ಬೆಲೆಯಲ್ಲಿ ಬಿಟ್ಟುಕೊಟ್ಟಳು ಟೈಲರಮ್ಮ, ಒಂದು ಕಾಸೂ ಹೆಚ್ಚು ಬಿಡಲಿಲ್ಲ. ವ್ಯವಹಾರ ಮುಗಿಯಿತು.

ಪೇಟೆಯ ಅಂಗಡಿ ತೆರೆದ ದಿನ ಅತ್ತಿಗೆಯೊಬ್ಬಳೇ ಬಂದಳು. "ನಿಮ್ಮಣ್ಣ ಇನ್ನೂ ಮುಖ ಊದಿಸ್ಕೊಂಡಿದಾರೆ. ಒಂದು ಮಾತು ತಪ್ಪಾಯ್ತು ಅಂದುಬಿಡಿ."

"ಅನ್ನಲ್ಲ ಅತ್ತಿಗೆ. ಇನ್ನೊಂದು ಮನೆ ಇದ್ದಿದ್ರೆ ಅದನ್ನೂ ಹೀಗೇ ಮಾರ್ತಿದ್ದೆ ಅಂತ ಹೇಳಿ," ಎಂದು ಟೈಲರಮ್ಮ ಮಶೀನು ತುಳಿದಳು.